ವೈರ್ ಮೊದಲು, ವೈಫೈ ಆಮೇಲೆ, ರಾಹುಕಾಲ ಎಲ್ಲಕ್ಕಿಂತ ಮುಂಚೆ

ಕಂಪ್ಯೂಟರ್ ರಿಪೇರಿ, ನೆಟ್ ಜೋಡಣೆ ಅಂತ ಈ ಕಸುಬಿಗೆ ಹೊಸದಾಗಿ ಬರುತ್ತಿರುವವರೇ, ನಿಮ್ಮ ಸರ್ಟಿಫಿಕೇಟನ್ನು ಒಂದು ಕ್ಷಣ ಪಕ್ಕಕ್ಕಿಟ್ಟು ನನ್ನ ಬೋಳುತಲೆ ನೋಡಿ. ಮೇಲೆ ನಾಲ್ಕು ಗಂಟುಗಳಿವೆ. ನಾಲ್ಕೂ ಮೇಜಿನ ಕೆಳಗಿಂದ ಅವಸರವಾಗಿ ಏಳುವಾಗ ಬಂದವು. ಮೂವತ್ತೊಂದು ವರ್ಷ ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗಿನ ಮೇಜುಗಳ ಕೆಳಗೆ ತೂರಿದವನು ನಾನು. ಯಾವ ಆಫೀಸಿನಲ್ಲಿ ಯಾರು ಕಾಲ ಬುಡದಲ್ಲಿ ಚಕ್ಕುಲಿ ಡಬ್ಬಿ ಬಚ್ಚಿಡುತ್ತಾರೆ ಎನ್ನುವುದು ಅವರ ಮ್ಯಾನೇಜರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಎರಡು ಚಕ್ಕುಲಿ ನನ್ನ ದರ.

ನನ್ನ ಹೆಸರು ರಂಗಸ್ವಾಮಿ. ಬಲ್ಲವರು ರಂಗಣ್ಣ ಅನ್ನುತ್ತಾರೆ. ನನ್ನಿಂದ ಏಮಾರಿದವರು ಏನನ್ನುತ್ತಾರೆ ಎಂದು ಇಲ್ಲಿ ಬರೆಯುವಂತಿಲ್ಲ. ನಮ್ಮ ಅಂಗಡಿ ರಾಜಾಜಿನಗರದಲ್ಲಿತ್ತು. ಯಜಮಾನರು ಅನಂತಯ್ಯ, ಮಿತಭಾಷಿ. ದಿನಕ್ಕೆ ಅವರು ಆಡುತ್ತಿದ್ದ ಹತ್ತು ಮಾತಿನಲ್ಲಿ ಎಂಟು ನನ್ನನ್ನು ಬೈಯುವುದಕ್ಕೇ ಖರ್ಚಾಗುತ್ತಿದ್ದವು. ತಪ್ಪು ಅವರದಲ್ಲ. ಬಸವೇಶ್ವರನಗರದ ಒಬ್ಬ ಆಡಿಟರಿಗೆ, "ಸಾರ್, ಮೇಜು ನೈರುತ್ಯಕ್ಕೆ ಮುಖ ಮಾಡಿದ್ರೆ ವೈಫೈ ನಿಲ್ಲಲ್ಲ, ವಾಸ್ತು ದೋಷ" ಎಂದು ಗಂಭೀರವಾಗಿ ಹೇಳಿ ಬಂದಿದ್ದೆ. ಪುಣ್ಯಾತ್ಮರು ಭಾನುವಾರ ನಾಲ್ಕು ಜನರನ್ನು ಕರೆಸಿ ಆಫೀಸಿನ ಅಷ್ಟೂ ಮೇಜುಗಳನ್ನು ತಿರುಗಿಸಿಬಿಟ್ಟರು.

ಅನಂತಯ್ಯ ನನ್ನನ್ನು ಕರೆದು ನಿಲ್ಲಿಸಿಕೊಂಡರು. "ರೀ ರಂಗಸ್ವಾಮಿ, ನಿಮಗೆ ನಾಚಿಕೆ ಆಗಲ್ವೇನ್ರೀ?"

"ಸಾರ್, ಈಗ ನೆಟ್ ಹೇಗಿದೆಯಂತೆ ಅಂತ ಕೇಳಿ."

ಕೇಳಿದರು. ಸೊಗಸಾಗಿ ಬರುತ್ತಿತ್ತು! ಮೊದಲು ಮೇಜಿಗೂ ವೈಫೈ ಡಬ್ಬಿಗೂ ನಡುವೆ ಒಂದು ದೊಡ್ಡ ಕಬ್ಬಿಣದ ಬೀರು ಇತ್ತು. ಮೇಜು ತಿರುಗಿಸಿದಾಗ ಬೀರು ಹಿಂದಕ್ಕೆ ಹೋಯಿತು. ಆಡಿಟರು ನನಗೆ ಶಾಲು ಹೊದಿಸುವುದೊಂದು ಬಾಕಿ. ಆದರೆ ಇಂಥ ಗೆಲುವುಗಳಿಂದ ಒಂದು ನಷ್ಟವಿದೆ: ನೀವು ನಿಜ ಹೇಳುವ ದಿನ ಯಾರೂ ನಂಬುವುದಿಲ್ಲ. ಆ ದಿನ ನನಗೂ ಬಂತು. ನಿವೃತ್ತಿಗೆ ಇನ್ನೊಂದು ವರ್ಷವಿತ್ತು.

ಅದಕ್ಕೆ ಮುಂಚೆ ಕಸುಬಿನ ಮಾತು ನಾಲ್ಕು. ನಾನು ಕೆಲಸಕ್ಕೆ ಸೇರಿದಾಗ ವೈರ್ ಬಿಟ್ಟರೆ ಗತಿಯಿರಲಿಲ್ಲ. ಎಂಟು ಬಣ್ಣದ ಎಳೆಗಳನ್ನು ಸಾಲಾಗಿ ಜೋಡಿಸಿ, ಪಿನ್ನಿಗೆ ತೂರಿಸಿ, ಕ್ರಿಂಪರ್ ಎಂಬ ಇಕ್ಕಳದಲ್ಲಿ ಕಟಕ್ ಎಂದು ಒತ್ತಬೇಕು. ನಾನು ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದೆ. ಇದು ಬಡಾಯಿಯಲ್ಲ; ಬಡಾಯಿ ಕೊಚ್ಚುವಾಗ ನಾನೇ ಹೇಳುತ್ತೇನೆ. ಆಮೇಲೆ ವೈಫೈ ಬಂತು, ವೈರ್ ಎಂದರೆ ಜನ ಹಳೇ ಕೊಡೆ ನೋಡಿದ ಹಾಗೆ ನೋಡತೊಡಗಿದರು. ನಾನು ಮಾತ್ರ ಪಟ್ಟು ಬಿಡಲಿಲ್ಲ. ಹುಟ್ಟಿದಾಗಿನಿಂದ ಮೇಜು ಬಿಟ್ಟು ಕದಲದ ಕಂಪ್ಯೂಟರಿಗೆ ಗಾಳಿಯಲ್ಲಿ ನೆಟ್ ಯಾಕೆ? ಅದೇನು ಲಾಲ್‌ಬಾಗಿಗೆ ವಾಕಿಂಗ್ ಹೋಗುತ್ತದೆಯೇ?

ಆದರೆ ವೈರ್ ಸಿಕ್ಕಿಸಿದ ಮಾತ್ರಕ್ಕೆ ಕಂಪ್ಯೂಟರ್ ಅದನ್ನೇ ಬಳಸುತ್ತದೆ ಎಂದುಕೊಳ್ಳಬೇಡಿ. ಎರಡೂ ಇದ್ದಾಗ ಅದು ಎರಡರ ಬಯೋಡೇಟಾ ನೋಡುತ್ತದೆ. ಯಾವುದು ಹೆಚ್ಚು ವೇಗ ಎಂದು ಬರೆದುಕೊಂಡಿದೆಯೋ ಅದಕ್ಕೆ ಸಣ್ಣ ನಂಬರ್ ಕೊಡುತ್ತದೆ. ಸಣ್ಣ ನಂಬರಿನವರು ಮೊದಲು, ಡಾಕ್ಟರ ಕ್ಲಿನಿಕ್ಕಿನ ಟೋಕನ್ ಇದ್ದ ಹಾಗೆ. ಹೊಸ ವೈಫೈಗಳ ಬಯೋಡೇಟಾ ಬಲು ಭರ್ಜರಿ. ಹಳೇ ವೈರಿನದು ಸಾಧಾರಣ. ಪಾಪದ ಕಂಪ್ಯೂಟರ್, ಹೆಣ್ಣಿನ ಕಡೆಯವರ ಹಾಗೆ, ಬರೆದದ್ದನ್ನೇ ನಂಬುತ್ತದೆ. ಆಗ ನೀವು ಸೆಟ್ಟಿಂಗಿನೊಳಗೆ ಹೋಗಿ, 'ಆಟೋಮ್ಯಾಟಿಕ್' ಎನ್ನುವ ಗುರುತು ತೆಗೆದು, ವೈರಿಗೆ ಐದು, ವೈಫೈಗೆ ಐವತ್ತು ಎಂದು ಕೈಯಾರೆ ಬರೆಯಬೇಕು. ಮೂರು ನಿಮಿಷದ ಕೆಲಸ. ಮೂವತ್ತು ನಿಮಿಷ ಮಾಡಿ, ಇಲ್ಲದಿದ್ದರೆ ಕಾಫಿ ಕೊಡುವುದಿಲ್ಲ.

ಈಗ ಆ ದಿನದ ಕಥೆ. ಮಾರೇನಹಳ್ಳಿಯಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ವಧೂವರರ ಕೇಂದ್ರವಿತ್ತು. ನಡೆಸುತ್ತಿದ್ದವರು ವಿಶಾಲಾಕ್ಷಮ್ಮ. ಕಟ್ಟಡ ಅವರ ಅತ್ತೆ ಪುಟ್ಟತಾಯಮ್ಮನವರದು. ಮಾರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಆ ಜಾಗದಲ್ಲಿ ರಾಗಿ ಬೆಳೆದ ಮನೆತನ. ಎಂಬತ್ತು ದಾಟಿದ ಅಜ್ಜಿ ಆಫೀಸಿನ ಹಿಂಭಾಗದ ಮನೆಯಲ್ಲಿದ್ದರು. ನೆಟ್ಟಿನ ಮುಖ್ಯ ಡಬ್ಬಿ ಇದ್ದದ್ದೂ ಅಲ್ಲೇ, ದೇವರ ಗೂಡಿನ ಪಕ್ಕ. ಅಲ್ಲಿಂದ ಗೋಡೆಗುಂಟ ವೈರ್ ಬಂದು, ಆಫೀಸಿನ ಮೇಜಿನ ಕೆಳಗಿದ್ದ ಐದು ತೂತಿನ ಪುಟ್ಟ ಪೆಟ್ಟಿಗೆಗೆ ಸೇರಿ, ಅಲ್ಲಿಂದ ಕಂಪ್ಯೂಟರಿಗೆ. ಕೆಳಗಿನ ಬೇಕರಿಯ ಮಂಜಣ್ಣ ಧಾರಾಳಿ. ಅವನ ವೈಫೈ ಪಾಸ್‌ವರ್ಡೂ ಆ ಕಂಪ್ಯೂಟರಿನಲ್ಲಿತ್ತು.

ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಗಿರಿಜಾ. ಗದಗಿನ ಕಡೆಯವಳು, ಮೂವತ್ತಾರು ವಯಸ್ಸು, ತಾಯಿಯ ಜೊತೆ ಹೊಸಹಳ್ಳಿಯಲ್ಲಿ ಬಾಡಿಗೆ ಮನೆ. ದೂರದೂರಿನ ಗಂಡು ಹೆಣ್ಣುಗಳನ್ನು ಮೊದಲು ವೀಡಿಯೊದಲ್ಲಿ ಕೂರಿಸಿ ಮಾತಾಡಿಸುವುದು ಅವಳ ಕೆಲಸ. ಎಷ್ಟೋ ಜನರ ಮದುವೆ ಅವಳ ಮೇಜಿನ ಮೇಲೆ ಕುದುರಿತ್ತು. ಅವಳನ್ನು ಗೋಳು ಹೊಯ್ದುಕೊಳ್ಳುವುದು ನನಗೊಂದು ಹಬ್ಬ. ಒಮ್ಮೆ ಲೈನ್ ಪರೀಕ್ಷೆ ಮಾಡೋಣ ಎಂದು ನನ್ನ ಫೋನಿನಿಂದ ವೀಡಿಯೊ ಹಾಕಿ, ಬಾಯಿ ಅರ್ಧ ತೆರೆದು, ರೆಪ್ಪೆ ಹೊಡೆಯದೆ ಕಲ್ಲಿನ ಹಾಗೆ ಕೂತುಬಿಟ್ಟೆ. ಅವಳು ಚಿತ್ರ ನಿಂತಿತೆಂದು ವೈರ್ ಕಿತ್ತು, ಹಾಕಿ, ಕಂಪ್ಯೂಟರ್ ಆರಿಸಿ, ಹೊತ್ತಿಸಿ ಬೆವರಿದಳು. ಕೊನೆಗೆ ನನ್ನ ಮೂಗಿನ ಮೇಲೆ ನೊಣ ಕೂತು ಗುಟ್ಟು ರಟ್ಟಾಯಿತು.

"ಅಣ್ಣಾರ, ನಿಮಗ ವಯಸ್ಸು ಆಗೇದೋ ಇಲ್ಲೋ?" ಎಂದು ಅವಳು ಸ್ಕೇಲು ಹಿಡಿದು ಬಂದಿದ್ದಳು.

ಅಂಥವಳು ಒಂದು ಶನಿವಾರ ಹನ್ನೊಂದರ ಹೊತ್ತಿಗೆ ನನ್ನನ್ನು ಕರೆಸಿ, ನಗದೆ, ಕುರ್ಚಿ ಎಳೆದು ಕೂರಿಸಿದಳು. ನನಗೆ ಭಯವಾಯಿತು.

"ನಾಳೆ ಮಧ್ಯಾಹ್ನ ಒಂದು ವೀಡಿಯೊ ಅದ ಅಣ್ಣಾರ. ನಂದು."

ಗಂಡು ಮಲ್ಲಿಕಾರ್ಜುನ, ಚಿಕ್ಕೋಡಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಬೆಂಗಳೂರಿಗೆ ವರ್ಗ ಕೇಳಿದ್ದ. ಫೋಟೊ, ಜಾತಕ ಎಲ್ಲ ಆಗಿತ್ತು.

"ಹಿಂದ ಎರಡು ಸಲ ಹಿಂಗ ಆತ್ರಿ," ಎಂದಳು. "ಮದುವಿ ಆದ ಮ್ಯಾಲೂ ನಮ್ಮವ್ವ ನನ್ನ ಜೋಡಿನ ಇರ್ತಾಳ, ಅದಕ್ಕ ಒಪ್ಪಿಗಿ ಅದ ಏನ್ರಿ ಅಂತ ಕೇಳಿದೆ. ಕೇಳೂದಕ್ಕೂ ಆ ಕಡೆ ಮಾರಿ ಹಂಗ ನಿಂತುಬಿಡೂದಕ್ಕೂ ಸರಿ ಆತು. ಆಮ್ಯಾಲ ಫೋನ್ ಮಾಡಿದ್ರ, 'ನೆಟ್ ಇರಲಿಲ್ರಿ, ನೋಡೂಣು' ಅಂದ್ರು. ಅಷ್ಟ. ನೆಟ್ಟಿನ ಸಲುವಾಗಿ ಸುಮ್ಮನಾದ್ರೋ, ನಮ್ಮವ್ವನ ಸಲುವಾಗಿ ಸುಮ್ಮನಾದ್ರೋ, ಇವತ್ತಿಗೂ ಗೊತ್ತಿಲ್ರಿ ನನಗ. ಒಲ್ಲೆ ಅಂದ್ರ ಒಲ್ಲೆ ಅನ್ನಲಿ. ಆದರ ಆ ಮಾತು ನನಗ ಪೂರಾ ಕೇಳಿಸಬೇಕು. ಅಷ್ಟು ಮಾಡಿ ಕೊಡ್ರಿ."

ನಾನು ತಮಾಷೆ ಮಾಡಲಿಲ್ಲ. ಮೇಜಿನ ಕೆಳಗೆ ತೂರಿದೆ. ವೈರ್ ಸರಿಯಾಗಿತ್ತು. ಆದರೆ ಕಂಪ್ಯೂಟರ್ ಅದನ್ನು ಮುಟ್ಟುತ್ತಲೇ ಇರಲಿಲ್ಲ! ನಾನು ಹೇಳಿದ ಬಯೋಡೇಟಾ ರೋಗ. ವರ್ಷಗಳಿಂದ ಈ ಕೇಂದ್ರದ ಮಾತುಕತೆಗಳೆಲ್ಲ ಮಂಜಣ್ಣನ ವೈಫೈ ಮೇಲೆ ನಡೆದಿದ್ದವು. ಬೇಕರಿಯ ಟಿವಿಗೆ ಅದೇ ನೆಟ್ಟಿನಲ್ಲಿ ಕ್ರಿಕೆಟ್ ಹಾಕಿದಾಗಲೆಲ್ಲ ಮೇಲೆ ಗಂಡಿನ ಮುಖ ನಿಲ್ಲುತ್ತಿತ್ತು. ವೈರಿಗೆ ಐದು, ವೈಫೈಗೆ ಐವತ್ತು ಬರೆದೆ. ಪರೀಕ್ಷೆ ಮಾಡಿದೆ. ಬೆಣ್ಣೆಯ ಹಾಗೆ ಓಡಿತು.

"ಇನ್ನು ಆಕಾಶ ಬಿದ್ರೂ ಚಿತ್ರ ನಿಲ್ಲಲ್ಲ ಕಣಮ್ಮ. ನಿಂತ್ರೆ ನನ್ನ ಮೀಸೆ ಬೋಳಿಸ್ಕೋತೀನಿ," ಎಂದೆ. ಇದು ಬಡಾಯಿ.

ಭಾನುವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಾನೂ ಹೋದೆ. ನನ್ನ ಕೆಲಸ ನಾನೇ ಮೆಚ್ಚಿಕೊಳ್ಳದಿದ್ದರೆ ಇನ್ಯಾರು ಮೆಚ್ಚುತ್ತಾರೆ? ಗಿರಿಜಾ ಹಸಿರು ರೇಷ್ಮೆ ಸೀರೆಯುಟ್ಟು, ತಾನು ಇಷ್ಟು ವರ್ಷ ಬೇರೆಯವರನ್ನು ಕೂರಿಸಿದ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ತಾಯಿ ನೀಲವ್ವ. ವಿಶಾಲಾಕ್ಷಮ್ಮ ಹಿಂದೆ ನಿಂತಿದ್ದರು. ಮೂರೂವರೆಗೆಂದು ಮುಹೂರ್ತ ನೋಡಿದ್ದರು. ಗಂಡಿಗೆ ಕಾರ್ಖಾನೆಯಲ್ಲಿ ತಡವಾಗಿ, ಮಾತು ಶುರುವಾದಾಗ ನಾಲ್ಕು ದಾಟಿತ್ತು. ತೆರೆಯ ಮೇಲೆ ಮಲ್ಲಿಕಾರ್ಜುನ, ಪಕ್ಕದಲ್ಲಿ ಅವನ ತಾಯಿ. ಚಿತ್ರ ಎಷ್ಟು ಸ್ವಚ್ಛವಾಗಿತ್ತೆಂದರೆ ಅವನ ಅಂಗಿಯ ಎರಡನೇ ಗುಂಡಿ ಬೇರೆ ಬಣ್ಣದ್ದು ಎನ್ನುವುದೂ ಕಾಣುತ್ತಿತ್ತು. ನಾನು ಮೀಸೆ ತಿರುವುತ್ತ ವಿಶಾಲಾಕ್ಷಮ್ಮನ ಕಡೆ ನೋಡಿದೆ.

ಗಿರಿಜಾ ಸೆರಗು ಸರಿಮಾಡಿಕೊಂಡು ಕೇಳಿದಳು: "ನಂದೊಂದು ಮಾತು ಅದ ರೀ. ನಮ್ಮವ್ವಗ ನನ್ನ ಬಿಟ್ರ ಯಾರೂ ಇಲ್ಲ. ಮದುವಿ ಆದ ಮ್ಯಾಲೂ ಆಕಿ ನಮ್ಮ ಜೋಡಿನ ಇರಬೇಕು. ಅದಕ್ಕ ನೀವು ಏನಂತೀರಿ?"

ಮಲ್ಲಿಕಾರ್ಜುನ ತಾಯಿಯ ಮುಖ ನೋಡಿದ. ತಿರುಗಿದ. ಬಾಯಿ ತೆರೆದ.

ತೆರೆದ ಬಾಯಿ ತೆರೆದೇ ಉಳಿಯಿತು.

ನೀಲವ್ವ ತಲೆ ತಗ್ಗಿಸಿದರು. ವಿಶಾಲಾಕ್ಷಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು.

"ರಂಗಣ್ಣ, ಇವತ್ತಾದ್ರೂ ಸುಮ್ನಿರಬಾರ್ದಾ?"

"ಅಯ್ಯೋ ತಾಯಿ, ನಾನಲ್ಲ!"

"ಅವತ್ತು ನೊಣ ಕೂತಾಗ್ಲೂ ಹೀಗೇ ಅಂದ್ರಿ."

"ನನ್ನ ಕೈ ನೋಡಿ, ಖಾಲಿ! ಮನೆ ದೇವ್ರಾಣೆ!"

"ನಿಮ್ಮ ಮನೆ ದೇವ್ರಿಗೇ ನೀವು ಟೋಪಿ ಹಾಕಿರ್ತೀರ."

ಗಿರಿಜಾ ಬೈಯಲೂ ಇಲ್ಲ. ಅದೇ ನನ್ನನ್ನು ಸುಟ್ಟಿತು. "ಫೋನ್ ಮಾಡಿ ಕೇಳೋಣ ಕಣೇ," ಎಂದರು ವಿಶಾಲಾಕ್ಷಮ್ಮ. ಅವಳು ತಲೆಯಾಡಿಸಿದಳು. "ಬ್ಯಾಡ್ರಿ. ಒಲ್ಲೆ ಅಂದವರ ಬೆನ್ನ ಹತ್ತಿ ಕೇಳಿದಂಗ ಆಗ್ತದ. ಮೂರನೇ ಸಲ. ಸಾಕು."

ನಾನು ಮೇಜಿನ ಕೆಳಗೆ ನುಗ್ಗಿದೆ. ವೈರ್ ಬಿಗಿಯಾಗಿತ್ತು. ಐದು ತೂತಿನ ಪೆಟ್ಟಿಗೆಯ ಹಸಿರು ದೀಪ ಜಾಣ ಮರಿಯ ಹಾಗೆ ಕಣ್ಣು ಮಿಟುಕಿಸುತ್ತಿತ್ತು. ಅಂದರೆ ಪೆಟ್ಟಿಗೆಯವರೆಗೆ ಎಲ್ಲ ಸರಿ. ಹಾಗಾದರೆ ಅದರಾಚೆ? ಗೋಡೆಗುಂಟ ವೈರಿನ ಹಿಂದೆ ಬಗ್ಗಿಕೊಂಡೇ ಹೊರಟು, ಪುಟ್ಟತಾಯಮ್ಮನವರ ಹಾಲಿಗೆ ನಾಲ್ಕು ಕಾಲಲ್ಲಿ ಪ್ರವೇಶಿಸಿದೆ. ಅಜ್ಜಿ ದೇವರ ಗೂಡಿನ ಮುಂದೆ ಮಣೆ ಹಾಕಿಕೊಂಡು ಹೂವು ಕಟ್ಟುತ್ತಿದ್ದರು. ನೆಟ್ಟಿನ ಡಬ್ಬಿಯ ಮೇಲೆ ಒಂದೂ ದೀಪವಿರಲಿಲ್ಲ. ಸ್ವಿಚ್ ಆರಿತ್ತು.

"ಅಜ್ಜಿ, ಇದನ್ನ ಯಾರು ಆಫ್ ಮಾಡಿದ್ದು?"

"ನಾನೇ ಕಣ್ಲಾ. ನಾಲ್ಕೂವರೆ ಆಯ್ತಲ್ಲ. ಭಾನುವಾರ. ರಾಹುಕಾಲ."

"ರಾಹುಕಾಲಕ್ಕೂ ನೆಟ್ಟಿಗೂ ಏನಜ್ಜಿ?"

"ಏನಾ? ಹಿಂದೆ ಒಂದ್ಸಲ ರಾಹುಕಾಲದಲ್ಲಿ ಮಾತಾಡ್ಸಿ ಒಂದು ಸಂಬಂಧ ಮುರಿದು ಬಿತ್ತು. ಸೊಸೆಗೆ ಹೇಳಿದ್ರೆ ಕೇಳ್ತಾಳಾ? ಅದ್ಕೇ ದಿನಾ ರಾಹುಕಾಲ ಬಂದ ತಕ್ಷಣ ನಾನೇ ಆರಿಸಿಬಿಡ್ತೀನಿ. ನಾಲ್ಕು ವರ್ಷದಿಂದ ಈ ಕೇಂದ್ರ ಉಳಿದಿರೋದು ನನ್ನಿಂದ ಕಣ್ಲಾ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾಲ್ಕು ವರ್ಷ ಅಜ್ಜಿ ದಿನವೂ ಡಬ್ಬಿ ಆರಿಸಿದ್ದಾರೆ. ನಾಲ್ಕು ವರ್ಷ ಕೆಳಗಿನ ಬೇಕರಿಯ ವೈಫೈ ಮೇಲೆ ರಾಹುಕಾಲದಲ್ಲೂ ಮಾತುಕತೆ ಧಾರಾಳವಾಗಿ ನಡೆದಿದೆ. ಯಾರಿಗೂ ಯಾರ ವಿಷಯವೂ ಗೊತ್ತಿಲ್ಲ. ನಾನು ಮಹಾ ಜಾಣ ಬಂದು ವೈರಿಗೆ ಐದು ಬರೆದ ಮೇಲೆ ಅಜ್ಜಿಯ ಮಾತು ಮೊದಲ ಸಲ ನಡೆಯಿತು. ಕಂಪ್ಯೂಟರ್ ನೋಡುವುದು ನಂಬರನ್ನು. ಪಕ್ಕದ ಪೆಟ್ಟಿಗೆಯ ದೀಪ ಹಸಿರಾಗಿರುವವರೆಗೆ, ವೈರಿನ ಆ ಕೊನೆಯಲ್ಲಿ ನೆಟ್ ಇದೆಯೋ ಇಲ್ಲವೋ ಎಂದು ಅದು ಎದ್ದು ಹೋಗಿ ನೋಡುವುದಿಲ್ಲ. ಎದ್ದು ಹೋಗಿ ನೋಡಬೇಕಾದವನು ನಾನು. ನೋಡಿರಲಿಲ್ಲ. ಶನಿವಾರ ನಾನು ಬಂದದ್ದು ರಾಹುಕಾಲ ಕಳೆದ ಮೇಲೆ. ಹೊಸಬರೇ, ಈ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳಿ.

ಸ್ವಿಚ್ಚಿಗೆ ಕೈ ಹಾಕಿದೆ. ಹೂವಿನ ಬುಟ್ಟಿ ಪಕ್ಕಕ್ಕೆ ಸರಿಯಿತು.

"ಆರು ಗಂಟೆಗೆ ಮುಂಚೆ ಮುಟ್ಟಿದ್ರೆ ಕೈ ಮುರೀತೀನಿ ನೋಡ್ಲಾ."

ಎಂಬತ್ತು ದಾಟಿದವರ ಕೈಯಲ್ಲಿ ಕೈ ಮುರಿಸಿಕೊಂಡರೆ ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಓಡಿ ಬಂದೆ. ಬಂದವನೇ, ಮೂವತ್ತು ವರ್ಷ 'ವೈರ್, ವೈರ್' ಎಂದು ಭಜನೆ ಮಾಡಿದವನು, ಕಂಪ್ಯೂಟರಿನ ಬೆನ್ನಿನಿಂದ ವೈರನ್ನು ನನ್ನ ಕೈಯಾರೆ ಕಿತ್ತೆ. ಕಂಪ್ಯೂಟರ್ ಸ್ವಲ್ಪ ತಡಕಾಡಿ ಬೇಕರಿಯ ವೈಫೈ ಹಿಡಿಯಿತು. ಕಿಟಕಿಯಿಂದ ಕತ್ತು ಚಾಚಿ ಕೂಗಿದೆ: "ಮಂಜಣ್ಣಾ, ಟಿವಿ ಆಫ್ ಮಾಡಪ್ಪಾ!"

"ಕೊನೇ ಓವರ್ ರಂಗಣ್ಣಾ!"

"ಇಲ್ಲೂ ಕೊನೇ ಓವರೇ ಕಣೋ! ನಮ್ಮ ಗಿರಿಜಂದು!"

ಕೆಳಗೆ ಗಿರಾಕಿಗಳು ಹೋ ಎಂದು ಕೂಗಿಕೊಂಡರು. ಟಿವಿ ಆರಿತು. ತೆರೆಯ ಮೇಲೆ ಮಲ್ಲಿಕಾರ್ಜುನನ ಬಾಯಿ ಮುಚ್ಚಿಕೊಂಡಿತು. ತಾಯಿ ಮಗ ಇಬ್ಬರೂ ಎದ್ದು ಹೋಗದೆ ಅಲ್ಲೇ ಕೂತಿದ್ದರು.

"ನಾ ಹೇಳಿದ್ದು ಕೇಳಿಸ್ತೇನ್ರಿ?" ಎಂದ.

"ಇಲ್ರಿ," ಎಂದಳು ಗಿರಿಜಾ.

"ಮತ್ತ ಹೇಳ್ತೀನಿ ತಡೀರಿ. ನಾ ಏನಂದೆ ಅಂದ್ರ..."

"ನಿಲ್ಲಪ್ಪಾ!"

ಪುಟ್ಟತಾಯಮ್ಮ ಹೂವಿನ ದಾರ ಕೈಯಲ್ಲಿ ಹಿಡಿದೇ ಬಂದು, ಗಿರಿಜೆಯನ್ನು ಸರಿಸಿ, ಕ್ಯಾಮೆರಾದ ಮುಂದೆ ಮುಖ ತಂದು ನಿಂತರು. ನೆಟ್ ಆರಿಸಿದರೂ ಮಾತು ನಡೆಯುತ್ತಿದೆ ಎನ್ನುವುದು ಗಂಡಿನ ದನಿ ಕೇಳಿ ಆಗಷ್ಟೇ ಅವರಿಗೆ ತಿಳಿದಿತ್ತು.

"ರಾಹುಕಾಲ ಕಣಪ್ಪ. ಈಗ ಹೂಂ ಅನ್ನೋದೂ ಬೇಡ, ಉಹೂಂ ಅನ್ನೋದೂ ಬೇಡ. ಆರು ಗಂಟೆಗೆ ಹೇಳು."

ಗಂಡಿನ ತಾಯಿ ಥಟ್ಟನೆ ನೇರವಾಗಿ ಕೂತರು. "ಅಜ್ಜಿ ಹೇಳೂದು ಖರೇ ಅದ. ಮಲ್ಲು, ಬಾಯಿ ಮುಚ್ಚು."

ನಾನು ಗಡಿಯಾರ ನೋಡಿದೆ. ನಾಲ್ಕು ಐವತ್ತು. ಗಿರಿಜೆಯ ಮುಖ ನೋಡಲಾರದೆ ಬೇರೆಲ್ಲೋ ನೋಡಿದೆ. ಉತ್ತರ ಅವನ ಹಲ್ಲಿನ ಹಿಂದೆ ಕೂತಿದೆ, ಇನ್ನೂ ಒಂದು ಗಂಟೆ ಹತ್ತು ನಿಮಿಷ ಅಲ್ಲೇ ಕೂರಬೇಕು! ಲೈನ್ ಕತ್ತರಿಸಲು ಯಾರಿಗೂ ಧೈರ್ಯವಿಲ್ಲ. ಕತ್ತರಿಸಿದರೆ ಮತ್ತೆ ಸಿಕ್ಕುತ್ತದೋ ಇಲ್ಲವೋ. ಹಾಗಾಗಿ ಎರಡೂ ಕಡೆಯವರು ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತ ಕೂತರು. ವಿಶಾಲಾಕ್ಷಮ್ಮ ಬೇಕರಿಯಿಂದ ಖಾರಾ ಬನ್ ತರಿಸಿದರು. ಆ ಕಡೆಯವರು ನಾವು ತಿನ್ನುವುದನ್ನು ನೋಡಿದರು. ಆಮೇಲೆ ಅವರು ಚಹಾ ಕುಡಿದರು, ನಾವು ನೋಡಿದೆವು.

ಮೌನ ಮೊದಲು ಮುರಿದದ್ದು ಗಂಡಿನ ತಾಯಿ. "ನೀಲವ್ವ, ಬೆಂಗಳೂರಾಗ ಜ್ವಾಳ ಚಲೋ ಸಿಗ್ತಾವೇನ್ರಿ?"

"ಎಲ್ಲಿ ಸಿಗ್ತಾವ್ರಿ. ಹಿಟ್ಟು ಜಿಗಿನ ಇಲ್ಲ. ರೊಟ್ಟಿ ಬಡದ್ರ ಹರೀತದ," ಎಂದರು ನೀಲವ್ವ. ಅಲ್ಲಿಯವರೆಗೆ ಅವರು ಒಂದು ಮಾತೂ ಆಡಿರಲಿಲ್ಲ. ರೊಟ್ಟಿಯಿಂದ ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಹೋದರು. ಹಿಂಡಿಯಿಂದ ಇಬ್ಬರ ತವರುಮನೆಗೆ. ತವರಿನಿಂದ ಮಂಡಿನೋವಿಗೆ. ಯಾವ ಎಣ್ಣೆ ಹಚ್ಚುತ್ತೀರಿ, ಎಷ್ಟು ಹೊತ್ತು ಬಿಡುತ್ತೀರಿ, ಎಲ್ಲ ಬಂತು. ಗಿರಿಜಾ, ಮಲ್ಲಿಕಾರ್ಜುನ ಇಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಕ್ಕಳ ಹಾಗೆ ಪಕ್ಕದಲ್ಲಿ ಕೂತಿದ್ದರು. ಪುಟ್ಟತಾಯಮ್ಮ ಹೂವು ಕಟ್ಟುತ್ತ, ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಗಂಡಿನ ಬಾಯಿಯ ಮೇಲೆ ಇಟ್ಟಿದ್ದರು.

ಐದು ನಲವತ್ತಕ್ಕೆ ಗಂಡಿನ ತಾಯಿ ಕೇಳಿದರು: "ಈಗಿರೂ ಮನಿ ಎಷ್ಟನೇ ಮಾಳಿಗಿ ಮ್ಯಾಲ ಅದ ನೀಲವ್ವ?"

"ಮೂರನೇದ್ರಿ. ಇಳಿಯೂದು ಹತ್ತೂದು ಭಾಳ ತ್ರಾಸ."

"ಅಯ್ಯ, ಆ ಮಂಡಿ ಹಿಡಕೊಂಡು ಮೂರು ಮಾಳಿಗಿ ಏನ್ ಹತ್ತತೀರಿ! ಏ ಮಲ್ಲು, ಬೆಂಗಳೂರಾಗ ಮನಿ ನೋಡುವಾಗ ಕೆಳಗಿನ ಮನೀನ ನೋಡು. ಬಚ್ಚಲಕ್ಕ ಹತ್ತಿರ ಇವರಿಗೊಂದು ಖೋಲಿ ಇರ್ಲಿ. ನಾ ಬಂದಾಗ ನನಗೂ ಆಗ್ತದ."

"ಅದನ್ನ ಆಗಲೇ ಹೇಳಾಕ ಹೊಂಟಿದ್ದೆ ಬಿಡವ್ವ," ಎಂದ ಮಲ್ಲಿಕಾರ್ಜುನ.

ಎಲ್ಲರೂ ಪುಟ್ಟತಾಯಮ್ಮನ ಕಡೆ ತಿರುಗಿದೆವು. ಅಜ್ಜಿ ಗಡಿಯಾರ ನೋಡಿದರು. ಇನ್ನೂ ಇಪ್ಪತ್ತು ನಿಮಿಷವಿತ್ತು. ಹೂವಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದರು.

"ಅದು ಮನೆ ಬಾಡಿಗೆ ವಿಷ್ಯ," ಎಂದರು. "ದೋಷ ಇಲ್ಲ."

ಗಿರಿಜಾ ಥಟ್ಟನೆ ಕುರ್ಚಿಯಿಂದ ಜಾರಿ ಮೇಜಿನ ಕೆಳಗೆ ಹೋದಳು. "ವೈರ್ ಸಡಿಲಾಗೇದ ಅನಸ್ತದ, ನೋಡ್ತೀನಿ," ಎನ್ನುವ ಒದ್ದೆ ಧ್ವನಿ ಕೆಳಗಿಂದ ಬಂತು.

ವೈರ್ ಇನ್ನೂ ನನ್ನ ಕೈಯಲ್ಲೇ ಇತ್ತು. ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ನೋಡಮ್ಮ," ಎಂದೆ. "ನಿಧಾನವಾಗಿ ನೋಡು."